ಇಂಗ್ಲೆಂಡಿನ ಮೊಲ, ನಮ್ಮೂರಿನ ಮೊಲ ಮತ್ತು ಏರ್‌ಗನ್

ಏರ್‌ಗನ್‌ನಲ್ಲಿ ಮೊಲ ಹೊಡೆಯುವುದು ಇಂಗ್ಲೆಂಡಿನಲ್ಲಿ ತಪ್ಪಲ್ಲ, ನಮ್ಮಲ್ಲಿ ಮಾತ್ರ ಯಾಕೆ ಕೇಸು ಹಾಕ್ತಾರೆ ಅಂತ ಊರಿನ ಹುಡುಗರು ಆಗಾಗ ನನ್ನನ್ನು ಕೇಳುತ್ತಾರೆ. ಅವರ ಫೋನ್ ತುಂಬ ಅಂಥದೇ ವಿಡಿಯೋಗಳು. ಹಸಿರು ಜರ್ಕಿನ್ ಹಾಕಿದವನೊಬ್ಬ ಬೇಲಿ ಪಕ್ಕ ಮಲಗಿರುತ್ತಾನೆ, ಸ್ಕೋಪ್‌ನಲ್ಲಿ ಮೊಲ ಕಾಣುತ್ತದೆ, ಟಪ್ ಅಂತ ಸಣ್ಣ ಸದ್ದು, ಮೊಲ ಉರುಳುತ್ತದೆ. ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿ, "ಅಣ್ಣಾ, ನಿಮ್ಮಲ್ಲಿ ಲೈಸೆನ್ಸೇ ಬೇಡವಂತಲ್ಲ, ಇಲ್ಲೂ ಏರ್‌ಗನ್‌ಗೆ ಲೈಸೆನ್ಸ್ ಬೇಡ, ಅಂದ್ಮೇಲೆ ಒಂದು ಗೌಜಲಕ್ಕಿ ಹೊಡೆದ್ರೆ ಏನಾಗುತ್ತೆ?" ಅಂದ. ಫೋನಿನಲ್ಲಿ ಹೇಳಿದ್ದು ಅವನಿಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನ ಪೂರ್ವಕ್ಕೆ, ಲಿಂಕನ್‌ಶೈರ್‌ನಲ್ಲಿ. ಹುಟ್ಟಿದ್ದು ಅರಸೀಕೆರೆ ಕಡೆಯ ಹಳ್ಳಿಯಲ್ಲಿ. ಎರಡೂ ಒಕ್ಕಲುತನದ ಸೀಮೆ. ಬೆಳೆ ತಿನ್ನುವ ಪ್ರಾಣಿಯನ್ನು ಅಲ್ಲಿನ ರೈತನೂ ಬೈಯುತ್ತಾನೆ, ಇಲ್ಲಿನ ರೈತನೂ ಬೈಯುತ್ತಾನೆ. ಕಾನೂನು ಮಾತ್ರ ಬೇರೆ ಬೇರೆ. ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಬೇಟೆ ಬೇಡ ಅನ್ನುವ ನಮ್ಮ ಕಾನೂನು ಸರಿಯಾಗಿದೆ, ಅದನ್ನು ಸಡಿಲ ಮಾಡಬಾರದು. ಸರಿ ಇಲ್ಲದ್ದು ನಾವು ಏರ್‌ಗನ್ನನ್ನು ಕೈಗೆ ಕೊಡುವ ರೀತಿ. ಇಂಗ್ಲೆಂಡಿನಿಂದ ಕಲಿಯುವುದಿದ್ದರೆ ಏರ್‌ಗನ್ ಕೈಗೆ ಕೊಡುವ ರೀತಿಯನ್ನು ಕಲಿಯಬೇಕು. ನಮ್ಮ ಹುಡುಗರು ಬೇಟೆಯನ್ನು ಕಲಿಯಲು ಹೊರಟಿದ್ದಾರೆ.

ನಮ್ಮ ಕಾನೂನಿನ ವಿಷಯ ಹೇಳುತ್ತೇನೆ. ಬೇಟೆಗೆ ಕಟ್ಟುಪಾಡು ನಮಗೆ ಹೊಸದೇನಲ್ಲ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಪ್ರಾಣಿ ಮತ್ತು ಮೀನಿನ ರಕ್ಷಣೆಗೆ ಅಂತ ಒಂದು ಕಾಯ್ದೆ ತಂದಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಬೇಟೆ ಪೂರ್ತಿ ನಿಂತಿರಲಿಲ್ಲ. ದೊಡ್ಡ ಪ್ರಾಣಿಗೆ ಒಂದು ಲೈಸೆನ್ಸು, ಮೊಲ ಹಕ್ಕಿಯಂಥ ಸಣ್ಣ ಬೇಟೆಗೆ ಬೇರೆ ಲೈಸೆನ್ಸು, ಹೀಗೆ ಕಾಯ್ದೆಯಲ್ಲೇ ಅವಕಾಶವಿತ್ತು. ಊರಲ್ಲಿ ಹಳಬರು 'ನಮ್ಮ ಕಾಲದಲ್ಲಿ ಲೈಸೆನ್ಸ್ ಕೊಡ್ತಿದ್ರು' ಅನ್ನುವುದು ಸುಳ್ಳಲ್ಲ. 1991ರ ತಿದ್ದುಪಡಿಯಲ್ಲಿ ಆ ಲೈಸೆನ್ಸುಗಳನ್ನೇ ಕಿತ್ತುಹಾಕಿದರು. ಅಲ್ಲಿಂದೀಚೆಗೆ ಷಿಕಾರಿಗೆ ಅಂತ ಯಾರಿಗೂ ಲೈಸೆನ್ಸ್ ಸಿಗುವುದಿಲ್ಲ. ಮೊಲ, ಗೌಜಲಕ್ಕಿ ಎರಡೂ ಕಾಯ್ದೆಯ ಪಟ್ಟಿಯಲ್ಲಿವೆ. ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ನೋಡುವುದೂ, ಉರುಳು ಒಡ್ಡುವುದೂ, ಬಲೆ ಹಾಕುವುದೂ, ಗೂಡಿನ ಮೊಟ್ಟೆ ತೆಗೆಯುವುದೂ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಯಾವುದರಿಂದ ಹೊಡೆದೆ ಅನ್ನುವುದು ಮುಖ್ಯವಲ್ಲ. ಕೋವಿಯಾದರೂ ಒಂದೇ, ಏರ್‌ಗನ್ ಆದರೂ ಒಂದೇ, ಕವಣೆ ಕಲ್ಲಾದರೂ ಒಂದೇ. ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನವಿಲಿನಂಥ ಮೊದಲ ಪಟ್ಟಿಯ ಪ್ರಾಣಿಯಾದರೆ ಕಡಿಮೆ ಅಂದರೂ 3 ವರ್ಷ, ಜಾಸ್ತಿ ಅಂದರೆ 7. ಬಂದೂಕೂ ಜಪ್ತಿ, ಹೋಗಿದ್ದ ಬೈಕೂ ಜಪ್ತಿ.

ಇಷ್ಟೆಲ್ಲ ಇದ್ದೂ ಏರ್‌ಗನ್ ಮಾತ್ರ ಸಲೀಸಾಗಿ ಸಿಗುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ 0.177 ಇಂಚು ಅಳತೆಯ, ಗುಂಡು ಹೊರಡುವ ಶಕ್ತಿ 20 ಜೂಲ್ (ಜೂಲ್ ಅಂದರೆ ಶಕ್ತಿಯ ಅಳತೆ) ಒಳಗಿನ ಏರ್‌ಗನ್‌ಗೆ ಲೈಸೆನ್ಸ್ ಬೇಡ. ಫೋನ್ ಮಾಡಿದ ಆ ತಮ್ಮ ತರಿಸಿಕೊಂಡಾಗ ಆಧಾರ್ ಪ್ರತಿ ಕಳಿಸಿದ, ದುಡ್ಡು ಹಾಕಿದ, ಕೊರಿಯರ್‌ನವನು ಮನೆಗೆ ತಂದುಕೊಟ್ಟ. ಡಬ್ಬದೊಳಗೆ ಎಣ್ಣೆ ಯಾವುದು ಹಾಕಬೇಕು, ಸ್ಕೋಪ್ ಹೇಗೆ ಕೂರಿಸಬೇಕು ಅಂತೆಲ್ಲ ಇಂಗ್ಲಿಷಿನಲ್ಲಿ ಬರೆದ ಪುಸ್ತಕವಿತ್ತು. ಇದರಿಂದ ಏನು ಹೊಡೆಯಬಹುದು, ಏನು ಹೊಡೆಯಬಾರದು ಅನ್ನುವ ಒಂದು ಸಾಲು ಇರಲಿಲ್ಲ. ಬಂದೂಕಿಗೆ ಲೈಸೆನ್ಸ್ ಬೇಡ ಅಂದರೆ ಬೇಟೆಗೂ ಬೇಡ ಅಂತಲೇ ಆ ಹುಡುಗ ತಿಳಿದುಕೊಂಡ. ಅವನೊಬ್ಬನೇ ಅಲ್ಲ, ಅವನ ಜೊತೆಯವರೆಲ್ಲ ಹಾಗೇ ತಿಳಿದಿದ್ದಾರೆ. ನಮ್ಮ ಕಡೆ ಏರ್‌ಗನ್ ಅಂದರೆ ಜಾತ್ರೆಯಲ್ಲಿ ಬಲೂನ್ ಒಡೆಯುವ ಸಾಮಾನು. ಅದನ್ನು ಹಿಡಿದುಕೊಂಡು ಬೇಟೆಗೆ ಹೋದರೆ ಜೈಲಿಗೆ ಹೋಗುವಂಥ ಕೆಲಸವಾಗುತ್ತೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಈಗ ಇಂಗ್ಲೆಂಡಿಗೆ ಬರೋಣ. ಇಲ್ಲಿಯೂ ಮಾಮೂಲಿ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ನಿಜ. ಆದರೆ ಮಿತಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಸಿಗುವ 20 ಜೂಲ್ ಬಂದೂಕನ್ನು ಇಲ್ಲಿ ಇಟ್ಟುಕೊಳ್ಳಬೇಕೆಂದರೆ ಪೊಲೀಸರಿಂದ ಕೋವಿ ಪರವಾನಗಿ ಬೇಕು! ಬಹಳ ಜನರಿಗೆ ಇದು ಗೊತ್ತಿಲ್ಲ. ವಯಸ್ಸು 18 ಆಗಿರಬೇಕು. ಅಂಗಡಿಯವರು ನೋಂದಾಯಿತ ಡೀಲರ್ ಆಗಿರಬೇಕು, ಬಂದೂಕನ್ನು ಎದುರಾಎದುರು ನಿಂತೇ ಕೊಡಬೇಕು, ಸುಮ್ನೆ ಪಾರ್ಸೆಲ್ ಮಾಡಿ ಮನೆಗೆ ಕಳಿಸುವ ಹಾಗಿಲ್ಲ. ಮನೆಯಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಇಡದಿದ್ದರೆ ಅದೇ ಒಂದು ಅಪರಾಧ. ದಾರಿಯಲ್ಲಿ, ಪಾರ್ಕಿನಲ್ಲಿ ಸರಿಯಾದ ಕಾರಣವಿಲ್ಲದೆ ಹಿಡಿದುಕೊಂಡು ಹೋದರೆ, ಒಳಗೆ ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಇರಲಿ ಬಿಡಲಿ, ಅದೂ ಅಪರಾಧ. ಅಪ್ಪಣೆ ಇಲ್ಲದೆ ಬೇರೆಯವರ ಜಮೀನಿಗೆ ಏರ್‌ಗನ್ ಹಿಡಿದು ಕಾಲಿಟ್ಟರೆ ಬಂದೂಕು ಸಮೇತ ಅತಿಕ್ರಮಣ ಮಾಡಿದ ಕೇಸು. ನಿನ್ನ ಜಮೀನಿನಲ್ಲೇ ನಿಂತು ಹೊಡೆದರೂ ಪೆಲೆಟ್ ಗಡಿ ದಾಟಿ ಪಕ್ಕದವರ ಜಾಗಕ್ಕೆ ಹೋಯಿತೆಂದರೆ, ಅವರು ಒಪ್ಪಿರದಿದ್ದರೆ, ಯಾರಿಗೂ ತಾಗದಿದ್ದರೂ ಅಪರಾಧವೇ.

ಏನು ಹೊಡೆಯಬಹುದು ಅನ್ನುವುದಕ್ಕೂ ಲೆಕ್ಕವಿದೆ. 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಲ್ಲಿನ ಕಾಡುಹಕ್ಕಿಗಳಿಗೆಲ್ಲ ರಕ್ಷಣೆಯಿದೆ. ಕಾಡು ಪಾರಿವಾಳ, ಕಾಗೆ, ಮ್ಯಾಗ್‌ಪೈ ಥರದ ಕೆಲವನ್ನು 'ಜನರಲ್ ಲೈಸೆನ್ಸ್' ಅನ್ನುವ ಸರ್ಕಾರಿ ಆದೇಶದ ಅಡಿಯಲ್ಲಿ ಮಾತ್ರ ಹೊಡೆಯಬಹುದು. ಅರ್ಜಿ ಹಾಕಿ ತೆಗೆದುಕೊಳ್ಳುವ ಲೈಸೆನ್ಸ್ ಅಲ್ಲ ಅದು, ಸರ್ಕಾರ ಎಲ್ಲರಿಗೂ ಸೇರಿಸಿ ಹೊರಡಿಸುವ ಷರತ್ತುಗಳ ಪಟ್ಟಿ. ಬೆಳೆ ಹಾಳಾಗುತ್ತಿದೆ, ಜನರ ಆರೋಗ್ಯಕ್ಕೆ ತೊಂದರೆ, ಬೇರೆ ಪ್ರಾಣಿ ಪಕ್ಷಿ ಉಳಿಸಬೇಕು, ಈ ಥರ ಕಾರಣ ಇರಲೇಬೇಕು. ಬೆಳೆಗಾಗಿ ಹೊಡೆಯುವುದಾದರೆ ಬೆದರುಬೊಂಬೆ, ಬಲೆ, ಸದ್ದಿನಂಥ ಬೇರೆ ದಾರಿಗಳನ್ನೂ ಪ್ರಯತ್ನಿಸಿರಬೇಕು. ತಿನ್ನಲು ಆಸೆಯಾಯಿತು, ಗುರಿ ಅಭ್ಯಾಸ ಮಾಡಬೇಕಿತ್ತು ಅನ್ನುವುದು ಕಾರಣವಲ್ಲ. 2019ರ ಏಪ್ರಿಲ್‌ನಲ್ಲಿ ವೈಲ್ಡ್ ಜಸ್ಟಿಸ್ ಅನ್ನುವ ಸಂಸ್ಥೆ ಇಂಥ ಲೈಸೆನ್ಸುಗಳ ಬಗ್ಗೆ ಕಾನೂನಿನ ಪ್ರಶ್ನೆ ಎತ್ತಿದ್ದಕ್ಕೆ ನ್ಯಾಚುರಲ್ ಇಂಗ್ಲೆಂಡ್ ಅನ್ನುವ ಸರ್ಕಾರಿ ಸಂಸ್ಥೆ ಮೂರು ಲೈಸೆನ್ಸುಗಳನ್ನು ಒಮ್ಮೆಲೇ ಹಿಂದಕ್ಕೆ ಪಡೆಯಿತು. ಬೆಳೆ ಎಳೆಯದಾಗಿರುವ ಸಮಯ, ರೈತರು ಕೆಂಡವಾದರು. ಆಮೇಲೆ ಹೊಸ ಷರತ್ತುಗಳೊಡನೆ ಮತ್ತೆ ಕೊಟ್ಟರು. ಆದರೆ ಒಂದು ಮಾತು ಗಟ್ಟಿಯಾಯಿತು. ಪಾರಿವಾಳ ಹೊಡೆಯುವುದು ಇಲ್ಲಿ ಯಾರ ಹಕ್ಕೂ ಅಲ್ಲ, ಕಾರಣ ತೋರಿಸಿದರೆ ಮಾತ್ರ ಸಿಗುವ ವಿನಾಯಿತಿ. ಇಷ್ಟು ಸಂಗತಿ ಆ ವಿಡಿಯೋಗಳಲ್ಲಿ ಬರುವುದಿಲ್ಲ.

ವಿಡಿಯೋದಲ್ಲಿ ಬಾರದ ಇನ್ನೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ರಜೆಯ ದಿನ ಪಕ್ಕದ ರೈತರೊಬ್ಬರ ಹೊಲದಲ್ಲಿ ಮೊಲ ಹೊಡೆಯುತ್ತಾರೆ. ಸೆಪ್ಟೆಂಬರ್ ಸಂಜೆ ಅವರ ಜೊತೆ ಹೋಗಿದ್ದೆ. ಗೋಧಿ ಕುಯ್ಲು ಮುಗಿದು ಬರೀ ಕೂಳೆ ಉಳಿದಿತ್ತು. ಜೇಬಿನಲ್ಲಿ ರೈತ ಸಹಿ ಹಾಕಿಕೊಟ್ಟ ಅಪ್ಪಣೆ ಚೀಟಿ, ಅದರ ಜೊತೆ ಹೊಲದ ನಕ್ಷೆ. ಕುದುರೆ ಕಟ್ಟುವ ಜಾಗ ಯಾವುದು, ಜನ ಓಡಾಡುವ ಕಾಲುದಾರಿ ಯಾವುದು ಅಂತ ಗುರುತು ಮಾಡಿಕೊಂಡಿದ್ದರು. ಮೊದಲು 30 ಗಜ ದೂರಕ್ಕೆ ರಟ್ಟಿನ ತುಂಡು ನಿಲ್ಲಿಸಿ ಐದಾರು ಪೆಲೆಟ್ ಹೊಡೆದು ನೋಡಿದರು. ನಮ್ಮ 10 ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಅಷ್ಟೂ ಬೀಳಬೇಕು, ಇಲ್ಲದಿದ್ದರೆ ಅವತ್ತು ಪ್ರಾಣಿಗೆ ಹೊಡೆಯಬಾರದು ಅನ್ನುವುದು ಅವರ ನೇಮ. ಈ ಬಂದೂಕಿಗೆ ಅಷ್ಟೇನೂ ಬಲವಿಲ್ಲ, ತಲೆಗೆ ಸರಿಯಾಗಿ ಬಿದ್ದರೆ ಮಾತ್ರ ಮೊಲ ಅಲ್ಲೇ ಸಾಯುತ್ತದೆ, ಹೊಟ್ಟೆಗೋ ಕಾಲಿಗೋ ಬಿದ್ದರೆ ಬಿಲಕ್ಕೆ ನುಗ್ಗಿ ನರಳಿ ಸಾಯುತ್ತದೆ ಅಂತ ವಿವರಿಸಿದರು.

ಆಮೇಲೆ ಬೇಲಿಯ ನೆರಳಲ್ಲಿ ಕಾಯುತ್ತಾ ಮಲಗಿದೆವು. ದಿಣ್ಣೆಯ ಮೇಲೆ ಒಂದು ಮೊಲ ಬಂದು ಕೂತಿತು. ಚೆನ್ನಾಗಿ ಕಾಣುತ್ತಿತ್ತು, ದೂರವೂ ಜಾಸ್ತಿ ಇರಲಿಲ್ಲ. ಅವರು ಹೊಡೆಯಲಿಲ್ಲ. ಅದರ ಹಿಂದೆ ಬರೀ ಆಕಾಶ, ಗುರಿ ತಪ್ಪಿದರೆ ಪೆಲೆಟ್ ತಡೆಯಲು ಮಣ್ಣಿಲ್ಲ ಅಂದರು. ಸ್ವಲ್ಪ ಹೊತ್ತಿಗೆ ಕಾಲುದಾರಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ನಾಯಿ ಹಿಡಿದುಕೊಂಡು ಬಂದರು. ಇವರು ಬಂದೂಕಿನಿಂದ ಪೆಲೆಟ್ ತೆಗೆದು, ನಳಿಗೆ ನೆಲಕ್ಕೆ ಮಾಡಿ, ಆಕೆ ಬೇಲಿ ದಾಟಿ ಕಣ್ಣಿಗೆ ಮರೆಯಾಗುವ ತನಕ ಎದ್ದೇ ನಿಂತಿದ್ದರು. ಕತ್ತಲಾಗುವ ಹೊತ್ತಿಗೆ ಒಂದೇ ಒಂದು ಮೊಲ ಹೊಡೆದರು, ಅಲ್ಲೇ ಕರುಳು ತೆಗೆದು ಚೊಕ್ಕ ಮಾಡಿದರು. ಇಷ್ಟು ಹೊತ್ತಿನ ಕೆಲಸವನ್ನು ವಿಡಿಯೋದಲ್ಲಿ ತೋರಿಸಿದರೆ ಯಾರೂ ನೋಡುವುದಿಲ್ಲ, ಹಾಗಾಗಿ ಟಪ್ ಅನ್ನುವ ಆ ಒಂದು ಕ್ಷಣವನ್ನೇ ಕತ್ತರಿಸಿ ಕತ್ತರಿಸಿ ಹಾಕುತ್ತಾರೆ.

ಇಂಗ್ಲೆಂಡಿನವರೆಲ್ಲ ಹೀಗೇ ಇರುತ್ತಾರೆ ಅಂತ ನಾನು ಹೇಳುತ್ತಿಲ್ಲ. ಏರ್‌ಗನ್‌ನಿಂದ ಬೆಕ್ಕಿಗೆ, ಹದ್ದಿಗೆ, ಹಂಸಕ್ಕೆ ಹೊಡೆಯುವ ಕೆಟ್ಟ ಜನ ಇಲ್ಲಿಯೂ ಇದ್ದಾರೆ, ಸುದ್ದಿ ಬರುತ್ತಲೇ ಇರುತ್ತದೆ. ಹೊಡೆದು ಬೀಳಿಸುವುದಕ್ಕೆಂದೇ ಪ್ರತಿ ವರ್ಷ ಕೋಟಿಗಟ್ಟಲೆ ಫೆಸೆಂಟ್ ಹಕ್ಕಿ ಸಾಕಿ ಬಿಡುತ್ತಾರೆ, ಅದನ್ನು ನಾನಂತೂ ಒಪ್ಪುವುದಿಲ್ಲ. ಮಕ್ಕಳೂ ಸತ್ತಿದ್ದಾರೆ. 2005ರಲ್ಲಿ ಗ್ಲಾಸ್ಗೋದಲ್ಲಿ 2 ವರ್ಷದ ಮಗುವೊಂದು ಏರ್‌ಗನ್ ಪೆಲೆಟ್ ತಲೆಗೆ ಬಿದ್ದು ತೀರಿಕೊಂಡಿತು. ಆ ಮಗುವಿನ ಮನೆಯವರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ಸ್ಕಾಟ್ಲೆಂಡ್ 2015ರಲ್ಲಿ ಕಾಯ್ದೆ ಮಾಡಿ, 2016ರ ಡಿಸೆಂಬರ್ 31ರಿಂದ ಏರ್‌ಗನ್‌ಗೂ ಪೊಲೀಸ್ ಸರ್ಟಿಫಿಕೇಟ್ ಕಡ್ಡಾಯ ಮಾಡಿತು. ಉತ್ತರ ಐರ್ಲೆಂಡ್‌ನಲ್ಲಿ ಇನ್ನೂ ಬಿಗಿ, 1 ಜೂಲ್ ದಾಟಿದರೆ ಪರವಾನಗಿ ಬೇಕು. ಅಂದರೆ ಒಂದೇ ದೇಶದೊಳಗೆ, ಇಂಗ್ಲೆಂಡಿನ ಗಡಿ ಊರು ಕಾರ್ಲೈಲ್ ದಾಟಿ ಸ್ಕಾಟ್ಲೆಂಡಿನ ಗಡಿಯೊಳಗೆ ಹೋದ ಕೂಡಲೇ, ಕಾರಿನ ಡಿಕ್ಕಿಯಲ್ಲಿರುವ ಅದೇ ಬಂದೂಕು ಕಾಗದವಿಲ್ಲದಿದ್ದರೆ ನಿಮ್ಮನ್ನು ಅಪರಾಧಿ ಮಾಡುತ್ತದೆ. 'ಫಾರಿನ್‌ನಲ್ಲಿ ಲೈಸೆನ್ಸ್ ಬೇಡ' ಅನ್ನುವ ನಮ್ಮ ಹುಡುಗರ ಮಾತು ಅರ್ಧ ಸತ್ಯವೂ ಅಲ್ಲ.

ಪ್ರಾಣಿಗಳ ವಿಷಯವೂ ಬೇರೆ. ಇಂಗ್ಲೆಂಡಿನ ಮೊಲ ಈ ನೆಲದ್ದಲ್ಲ. ಹೊರಗಿನಿಂದ ಬಂದವರು ಮಾಂಸಕ್ಕೆ, ತುಪ್ಪಳಕ್ಕೆ ಸಾಕಲು ತಂದದ್ದು, ಆಮೇಲೆ ಹೊಲ ತುಂಬಿಕೊಂಡಿತು. ಗುಂಪುಗುಂಪಾಗಿ ಬಿಲ ತೋಡಿಕೊಂಡು ಇರುತ್ತದೆ, ವರ್ಷದಲ್ಲಿ ಹಲವು ಸಲ ಮರಿ ಹಾಕುತ್ತದೆ. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು 100ಕ್ಕೆ 99 ಮೊಲ ಸತ್ತವು ಅನ್ನುತ್ತಾರೆ, ಆದರೂ ಮತ್ತೆ ಎದ್ದು ನಿಂತಿತು. 1954ರ ಪೆಸ್ಟ್ಸ್ ಆ್ಯಕ್ಟ್ (ಪೀಡೆ ಪ್ರಾಣಿಗಳ ಕಾಯ್ದೆ) ಪ್ರಕಾರ ಜಮೀನಿನಲ್ಲಿ ಮೊಲ ಹತೋಟಿಯಲ್ಲಿಡುವುದು ರೈತನ ಹೊಣೆ, ಸುಮ್ನೆ ಬಿಡುವ ಹಾಗೇ ಇಲ್ಲ. ಬೂದು ಅಳಿಲಂತೂ 1876ರ ಹೊತ್ತಿಗೆ ಅಮೆರಿಕದಿಂದ ತಂದು ಬಿಟ್ಟದ್ದು. ಮರದ ತೊಗಟೆ ಸುಲಿಯುತ್ತದೆ, ಇಲ್ಲಿನ ಕೆಂಪು ಅಳಿಲನ್ನು ಹೆಚ್ಚು ಕಡಿಮೆ ಓಡಿಸಿಬಿಟ್ಟಿದೆ. ಕಾಡು ಪಾರಿವಾಳ ಇಲ್ಲಿಯದೇ ಹಕ್ಕಿ, ಆದರೆ ಬ್ರಿಟನ್ನಿನಲ್ಲಿ ಸುಮಾರು 50 ಲಕ್ಷ ಜೋಡಿ ಇವೆ, ಚಳಿಗಾಲದಲ್ಲಿ ಸಾಸಿವೆ ಜಾತಿಯ ಎಣ್ಣೆಬೀಜದ ಗಿಡದ ಮೇಲೆ ಹಿಂಡು ಹಿಂಡಾಗಿ ಇಳಿಯುತ್ತವೆ.

ನಮ್ಮೂರಿನ ಮೊಲ ಅಂಥದ್ದಲ್ಲ. ಅದು ಬಿಲ ತೋಡುವುದಿಲ್ಲ, ಗುಂಪು ಕಟ್ಟುವುದಿಲ್ಲ. ಹಗಲೆಲ್ಲ ಒಂದು ಪೊದೆ ಬುಡದಲ್ಲಿ ಮೈ ಕುಗ್ಗಿಸಿ ಒಂಟಿಯಾಗಿ ಕೂತಿರುತ್ತದೆ. ಅರಸೀಕೆರೆ ಸುತ್ತಿನ ಗುಡ್ಡಗಳಲ್ಲಿ ಚಿರತೆ ಇದೆ, ಕರಡಿ ಇದೆ, ಗುಳ್ಳೆನರಿ ಇದೆ. ನರಿಗೂ ಚಿರತೆಗೂ ಹದ್ದಿಗೂ ಮೊಲ, ಗೌಜಲಕ್ಕಿ, ಇಲಿ ಇವೇ ಊಟ. ಗುಡ್ಡದಲ್ಲಿ ಅವು ಸಿಗದಿದ್ದರೆ ಚಿರತೆ ಎಲ್ಲಿಗೆ ಬರುತ್ತದೆ ಅಂತ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಕೊಟ್ಟಿಗೆಯಲ್ಲಿ ಕರು ಕಳಕೊಂಡ ಮನೆಗಳು, ಅಂಗಳದಿಂದ ನಾಯಿ ಕಳಕೊಂಡ ಮನೆಗಳು ಎಷ್ಟಿಲ್ಲ? ಗೌಜಲಕ್ಕಿ ಹೊಲದ ಹುಳು, ಗೆದ್ದಲು ತಿಂದು ಬದುಕುವ ಹಕ್ಕಿ. ಬೆಳಗಿನ ಜಾವ ಬದುವಿನ ಮೇಲೆ ಅದು ಜೋರಾಗಿ ಕೂಗುತ್ತಿದ್ದರೆ ರಾಗಿ ಹೊಲಕ್ಕೆ ಹೋಗುವವರಿಗೆ ಜೊತೆ ಇದ್ದ ಹಾಗಿರುತ್ತಿತ್ತು. ಹೋದ ಸಲ ಊರಿಗೆ ಹೋದಾಗ ನಮ್ಮ ಹೊಲದ ಕಡೆ ಆ ಕೂಗು ಕೇಳಲಿಲ್ಲ. ಪೂರ್ತಿ ಏರ್‌ಗನ್ನಿನದೇ ತಪ್ಪು ಅಂತಲ್ಲ, ಬೇಲಿ ಸವರಿದ್ದೂ ಇದೆ, ಔಷಧಿ ಹೊಡೆದದ್ದೂ ಇದೆ. ಉಳಿದಿರುವ ನಾಲ್ಕನ್ನು ಸ್ಕೋಪ್ ಹಾಕಿ ಹುಡುಕಿ ಹೊಡೆಯುವುದು ಬೇಡ ಅಂತ ನನ್ನ ಮಾತು.

ಇನ್ನು ಜಮೀನು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು, ಯಾರೂ ಇದರ ಮಾತೇ ಎತ್ತುವುದಿಲ್ಲ. ಇಂಗ್ಲೆಂಡಿನ ಕಾನೂನು ಪೂರ್ತಿ ನಿಂತಿರುವುದು ಜಮೀನಿನ ಗಡಿಯ ಮೇಲೆ. ಇಲ್ಲಿ ಒಬ್ಬ ರೈತನ ಹಿಡುವಳಿ ಸರಾಸರಿ 80 ಹೆಕ್ಟೇರಿಗೂ ಜಾಸ್ತಿ. ಸುತ್ತ ಗಿಡದ ಬೇಲಿ, ಒಳಗೆ ಕೆಲಸಕ್ಕೆ ಟ್ರ್ಯಾಕ್ಟರ್ ಮೇಲೆ ಒಬ್ಬರೋ ಇಬ್ಬರೋ. ಕಾಲುದಾರಿ ಎಲ್ಲಿದೆ ಅಂತ ನಕ್ಷೆ ಹೇಳುತ್ತದೆ. ನಮ್ಮ ದೇಶದಲ್ಲಿ 2015-16ರ ಕೃಷಿ ಗಣತಿ ಪ್ರಕಾರ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂ ಮುಕ್ಕಾಲು ಎಕರೆಯೂ ಇಲ್ಲ. ಅದೂ ಒಂದೇ ಕಡೆ ಇರುವುದಿಲ್ಲ, ಅಣ್ಣತಮ್ಮಂದಿರ ಪಾಲಾಗಿ ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಗುರಿ ತಪ್ಪಿದ ಪೆಲೆಟ್ ಇನ್ನೂರು ಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ನಮ್ಮ ಹೊಲದಲ್ಲಿ ಇನ್ನೂರು ಮೀಟರ್ ಅಂದರೆ ನಾಲ್ಕು ಜನರ ಜಮೀನು ದಾಟಿ ಹೋಗುತ್ತದೆ. ಅಷ್ಟರೊಳಗೆ ಕಳೆ ಕೀಳುವ ಹೆಂಗಸರಿರುತ್ತಾರೆ, ಕುರಿ ಮೇಯಿಸುವ ಹುಡುಗನಿರುತ್ತಾನೆ, ತೆಂಗಿನ ಮರದ ಮೇಲೆ ಕಾಯಿ ಕೀಳುವವನಿರುತ್ತಾನೆ, ಶಾಲೆ ಬಿಟ್ಟ ಮಕ್ಕಳು ಬದುವಿನ ಮೇಲೆ ಬರುತ್ತಿರುತ್ತಾರೆ. ಇಂಗ್ಲೆಂಡಿನ ಗಡಿ ನಿಯಮ ಒಂದನ್ನೇ ನಮ್ಮೂರಿನಲ್ಲಿ ಜಾರಿಗೆ ತಂದರೂ ಸಾಕು, ಬೇರೆ ಯಾವ ಕಾನೂನೂ ಇಲ್ಲದಿದ್ದರೂ ಏರ್‌ಗನ್ನಿನಿಂದ ಹೊಲದಲ್ಲಿ ಏನನ್ನೂ ಹೊಡೆಯಲು ಆಗುವುದಿಲ್ಲ. ಇನ್ನು ಮೊಲ ಹುಡುಕಿಕೊಂಡು ಹೋಗುವ ಗೋಮಾಳ, ಕೆರೆ ಅಂಗಳ, ಗುಡ್ಡ ಯಾರದು? ಎಲ್ಲರದು. ಅಪ್ಪಣೆ ಚೀಟಿ ಯಾರು ಬರೆದುಕೊಡಬೇಕು? 'ಅಲ್ಲಿನ ಹಾಗೆ ಇಲ್ಲೂ ಬಿಡಲಿ' ಅನ್ನುವವರು ಇದಕ್ಕೆ ಉತ್ತರ ಕೊಡಬೇಕು.

ಬೆಳೆ ಹೋದ ರೈತನ ಸಿಟ್ಟು ನನಗೆ ಅರ್ಥವಾಗುತ್ತದೆ, ನಾನೂ ಅಂಥ ಮನೆಯವನೇ. ಜೋಳ ಹಾಕಿದವರು, ಕಡಲೆಕಾಯಿ ಹಾಕಿದವರು ಒಂದೇ ರಾತ್ರಿಯಲ್ಲಿ ಹಂದಿ ಹಿಂಡಿಗೆ ಅರ್ಧ ಹೊಲ ಕಳೆದುಕೊಳ್ಳುತ್ತಾರೆ. ಮಲೆನಾಡಿನವರಿಗೆ ಮಂಗನ ಕಾಟ. ಆದರೆ ಅದಕ್ಕೆ ಏರ್‌ಗನ್ ಮದ್ದಲ್ಲ. 20 ಜೂಲ್ ಪೆಲೆಟ್ ಕಾಡುಹಂದಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡುತ್ತದೆ, ಗಾಯಗೊಂಡ ಹಂದಿ ಮನುಷ್ಯನ ಮೇಲೇ ಬರುತ್ತದೆ. ಇಂಗ್ಲೆಂಡಿನಲ್ಲೂ ಜಿಂಕೆಗೆ ಏರ್‌ಗನ್‌ನಲ್ಲಿ ಹೊಡೆಯುವುದನ್ನು 1991ರ ಜಿಂಕೆ ಕಾಯ್ದೆ ನಿಷೇಧಿಸಿದೆ. ಮಂಗನಿಗೆ ಹೆದರಿಸಲು ಅಂತ ಹೊಡೆದ ಪೆಲೆಟ್ ಚರ್ಮದೊಳಗೆ ಕೂತು ಕೀವಾಗುತ್ತದೆ, ಮಂಗ ನಾಳೆ ಪಕ್ಕದ ತೋಟಕ್ಕೆ ಹೋಗುತ್ತದೆ ಅಷ್ಟೇ. ನಿಜವಾಗಿ ಬೆಳೆ, ಜೀವಕ್ಕೆ ಅಪಾಯವಿದ್ದರೆ ನಮ್ಮ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ದಾರಿಯಿದೆ, ಅರಣ್ಯ ಇಲಾಖೆಯ ದೊಡ್ಡ ಅಧಿಕಾರಿ ಬರೆದು ಅಪ್ಪಣೆ ಕೊಡಬಹುದು. ಕೇರಳದಲ್ಲಿ 2022ರಿಂದ ಈ ಅಧಿಕಾರವನ್ನು ಪಂಚಾಯಿತಿ, ನಗರಸಭೆ ಅಧ್ಯಕ್ಷರ ಮಟ್ಟಕ್ಕೆ ತಂದಿದ್ದಾರೆ. ಹೊಲಕ್ಕೆ ನುಗ್ಗುವ ಹಂದಿಯನ್ನು ಲೈಸೆನ್ಸ್ ಕೋವಿ ಇರುವವರಿಂದ ಹೊಡೆಸಲು ಅವರು ಆದೇಶ ಕೊಡಬಹುದು. ಅದು ಸರಿಯೋ ತಪ್ಪೋ ಬೇರೆ ಚರ್ಚೆ, ಆದರೆ ಯಾರು ಹೇಳಿದರು, ಯಾರು ಹೊಡೆದರು, ಯಾವುದನ್ನು ಹೊಡೆದರು ಅನ್ನುವುದಕ್ಕೆ ಕಾಗದ ಇರುತ್ತದೆ. ರೈತರ ಹೆಸರು ಹೇಳಿಕೊಂಡು ಮೊಲ, ಬೆಳವ, ಗೌಜಲಕ್ಕಿ ಹೊಡೆಯುವವರಿಗೆ ಈ ಕಷ್ಟದ ಜೊತೆ ಸಂಬಂಧವೇ ಇಲ್ಲ. ಗೌಜಲಕ್ಕಿ ಯಾರ ಕಡಲೆಕಾಯಿ ಹೊಲ ಮುಳುಗಿಸಿದೆ?

ಕೊಡಗಿನವರನ್ನು ಎತ್ತಿ ತೋರಿಸುವವರೂ ಇದ್ದಾರೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ ಕೂಡ 2021ರಲ್ಲಿ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿ ಇಡುತ್ತಾರೆ, ಕಾಡಿನಲ್ಲಿ ಪ್ರಾಣಿ ಹೊಡೆದರೆ ಅವರ ಮೇಲೂ ಕೇಸೇ. ಯುಗಾದಿ ಹೊತ್ತಿಗೆ ಉತ್ತರ ಕರ್ನಾಟಕದ ಕೆಲವು ಕಡೆ ಮೊಲದ ಬೇಟೆಗೆ ಹೋಗುವ ವಾಡಿಕೆಯೂ ಅಷ್ಟೇ, ಹಬ್ಬದ ಹೆಸರಿದ್ದರೂ ಕಾಯ್ದೆಯಲ್ಲಿ ಬಿಡುಗಡೆಯಿಲ್ಲ. ಹಬ್ಬ ದೊಡ್ಡದು, ಅದಕ್ಕೆ ಮೊಲದ ರಕ್ತವೇ ಬೇಕು ಅಂತೇನಿಲ್ಲ. ನಮ್ಮ ಕಡೆ ಹೊಸತೊಡಕಿಗೆ ಮರಿ ಕಡಿಯುತ್ತಾರೆ, ಮನೆಮಂದಿಯೆಲ್ಲ ಉಣ್ಣುತ್ತಾರೆ, ಯಾರಿಗೂ ಕಡಿಮೆಯಾದದ್ದು ನಾನು ಕಂಡಿಲ್ಲ.

ಬೇಟೆಯೇ ಬದುಕಾಗಿದ್ದ ಜನರೂ ಬದಲಾಗಿದ್ದಾರೆ ಅನ್ನುವುದಕ್ಕೆ ಅರುಣಾಚಲ ನೋಡಿ. ಅಲ್ಲಿ ಬುಡಕಟ್ಟಿನ ಮನೆಮನೆಯಲ್ಲೂ ಬೇಟೆ ಇತ್ತು. ಏರ್‌ಗನ್ ಬಂದಮೇಲೆ ಸಣ್ಣ ಹುಡುಗರೂ ಹಕ್ಕಿ ಹೊಡೆಯುವ ಹಾಗಾಯಿತು. 2021ರ ಮಾರ್ಚ್‌ನಲ್ಲಿ ಈಸ್ಟ್ ಕಾಮೆಂಗ್ ಜಿಲ್ಲೆಯ ಲುಮ್ಡುಂಗ್ ಹಳ್ಳಿಯಲ್ಲಿ, ಆಗಿನ ಅರಣ್ಯ ಸಚಿವ ಮಾಮಾ ನಾತುಂಗ್ ಅವರ ಮುಂದಾಳತ್ವದಲ್ಲಿ, ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಕೇಸು ಹಾಕಿ ಕಿತ್ತುಕೊಂಡದ್ದಲ್ಲ, ಜನ ತಾವಾಗಿ ತಂದುಕೊಟ್ಟದ್ದು. ಆ ವರ್ಷ ಮುಗಿಯುವ ಹೊತ್ತಿಗೆ 1,600ಕ್ಕೂ ಹೆಚ್ಚು ಬಂದೂಕು ಬಂದವು. ಮನೆಯಲ್ಲಿ ಪೀಳಿಗೆಯಿಂದ ಬೇಟೆ ಇದ್ದವರೇ ಕೊಟ್ಟಿದ್ದಾರೆ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ತರಿಸಿಕೊಂಡ ನಮ್ಮ ಹುಡುಗರಿಗೆ ಅದನ್ನು ಗೋಡೆಗೆ ಒರಗಿಸಿಡುವುದು ಅಷ್ಟು ಕಷ್ಟವಾ?

ಏರ್‌ಗನ್ನೇ ಬೇಡ ಅಂತ ನಾನು ಹೇಳುವುದಿಲ್ಲ. ಗುರಿ ಅಭ್ಯಾಸ ಒಳ್ಳೆಯ ಆಟ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ತಂದರು, ಆಮೇಲೆ ಎಷ್ಟು ಹಳ್ಳಿ ಹುಡುಗ ಹುಡುಗಿಯರು ಆ ಆಟಕ್ಕೆ ಬಂದರು. ಕೈ ನಡುಗದ ಹಾಗೆ, ಉಸಿರು ಹಿಡಿದು, ಕಾಗದದ ಮೇಲಿನ ಚುಕ್ಕೆ ಹೊಡೆಯುವುದು ಪೊದೆಯಲ್ಲಿ ಕೂತ ಮೊಲ ಹೊಡೆಯುವುದಕ್ಕಿಂತ ಬಹಳ ಕಷ್ಟದ ಕೆಲಸ. ತಮ್ಮನಿಗೂ ಅದನ್ನೇ ಹೇಳಿದೆ. ಹಿತ್ತಲಿನಲ್ಲಿ ಮಣ್ಣಿನ ಗುಡ್ಡೆ ಹಾಕು, ಮುಂದೆ ಹಲಗೆ ನಿಲ್ಲಿಸು, ಅದರ ಮೇಲೆ ಕಾಗದ ಅಂಟಿಸು, ಹೊಡಿ, ಯಾರು ಬೇಡ ಅಂತಾರೆ ಕಣೋ?

ಸರ್ಕಾರ ಮಾಡಬೇಕಾದ್ದು ಬೆಟ್ಟದಷ್ಟೇನಿಲ್ಲ. ಇಂಗ್ಲೆಂಡಿನ ಹಾಗೆ ಬಂದೂಕನ್ನು ಕೈಯಿಂದ ಕೈಗೆ, ಮುಖ ನೋಡಿ, ವಯಸ್ಸು ನೋಡಿ ಕೊಡುವ ನಿಯಮ ತರಲಿ. ಮಕ್ಕಳ ಕೈಗೆ ಸಿಕ್ಕರೆ ಮನೆಯ ಹಿರಿಯರು ಹೊಣೆ ಅನ್ನುವುದು ಬರಲಿ. ನಮ್ಮಲ್ಲಿ ಬೀದಿನಾಯಿಗೆ ಏರ್‌ಗನ್ ಹೊಡೆದ ಸುದ್ದಿ ಬೆಂಗಳೂರಿನಿಂದ ಆಗಾಗ ಬರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ ಇವತ್ತಿಗೂ 10ರಿಂದ 50 ರೂಪಾಯಿ! ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಹಾಕಿದರೆ 5 ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ, ಅದನ್ನೇ ಹಾಕಲಿ.

ಸರ್ಕಾರ ಮಾಡುವ ತನಕ ಕಾಯದೆ ಮಾರುವವರೂ ಒಂದು ಕೆಲಸ ಮಾಡಬಹುದು. ಸಾವಿರಾರು ರೂಪಾಯಿಯ ಬಂದೂಕಿನ ಡಬ್ಬದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಹಾಳೆ ಇಡುವುದು ಅವರಿಗೆ ಭಾರವಲ್ಲ. ಈ ಬಂದೂಕಿನಿಂದ ಮೊಲ, ಮಂಗ, ಕಾಡುಹಕ್ಕಿ ಯಾವುದಕ್ಕೆ ಹೊಡೆದರೂ ಅಪರಾಧ, ಪ್ರಾಣಿ ಯಾವುದು ಅನ್ನುವುದರ ಮೇಲೆ 3 ಇಲ್ಲವೇ 7 ವರ್ಷದವರೆಗೆ ಜೈಲು, ನಾಯಿ ದನಕ್ಕೆ ಹೊಡೆದರೂ ಕೇಸು, ಪೆಲೆಟ್ ನಿಮ್ಮ ಜಾಗ ದಾಟಿ ಹೋಗಬಾರದು, ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ಇಷ್ಟೇ ಸಾಲು, ದೊಡ್ಡ ಅಕ್ಷರದಲ್ಲಿ, ಡಬ್ಬ ತೆಗೆದ ಕೂಡಲೇ ಮೊದಲು ಕಾಣುವ ಹಾಗೆ.